ಕುಲಾಂತರಿ ಆಹಾರ: ಸುಮ್ಮನೆ ಹೆದರೋದೂ ಬೇಡ, ಕಣ್ಣು ಮುಚ್ಚಿ ನಂಬೋದೂ ಬೇಡ



ಬಾದಾಮಿ ತಾಲ್ಲೂಕಿನ ಒಂದು ಸಂಘದ ವಾರದ ಸಭೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಪುಸ್ತಕಕ್ಕೆ ಬರೆದಾದ ಮೇಲೆ ಒಬ್ಬ ಸದಸ್ಯೆ ಮಾತು ತೆಗೆದರು. ಅವರು ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಲೆ, ಮೊಸರು ಮಾರುವವರು.

"ಊಟಕ್ಕ ಕುಂತ ಒಬ್ರು ಎಣ್ಣಿಗಾಯಿ ಮುಟ್ಟಲಿಲ್ರಿ. ಇದು ಬಿ.ಟಿ. ಬದನಿಕಾಯಿ ಇರ್ತೈತಿ, ತಿಂದ್ರ ಕ್ಯಾನ್ಸರ್ ಬರ್ತೈತಿ ಅಂದ್ರು. ಅದನ್ನ ಕೇಳಿ ಬಾಜೂಕ ಕುಂತವರೂ ಬ್ಯಾಡ ಅಂದ್ರು. ಅವತ್ತಿನ ಪಲ್ಲೆ ಹಂಗ ಉಳೀತು. ನಾ ಅವರಿಗೆ ಏನ್ ಹೇಳಬೇಕಿತ್ರಿ?"

ಸಭೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ಈಗ ಸಂತಿಗೆ ಬರೋದೆಲ್ಲಾ ಹೈಬ್ರಿಡ್, ಹೈಬ್ರಿಡ್ ಅಂದ್ರ ಬಿ.ಟಿ.ನ ಅಲ್ಲೇನ್ರಿ?" ಎಂದರು ಒಬ್ಬರು. "ನಮ್ಮ ಎಮ್ಮಿ ಎಷ್ಟು ವರ್ಷದಿಂದ ಬಿ.ಟಿ. ಹತ್ತೀ ಹಿಂಡಿ ತಿನ್ನಾಕತ್ತೈತಿ, ಅದಕ್ಕೇನೂ ಆಗಿಲ್ಲ" ಎಂದರು ಇನ್ನೊಬ್ಬರು. ಅಂದು ನಮಗೂ ಎಲ್ಲ ಪ್ರಶ್ನೆಗಳಿಗೆ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ರೊಟ್ಟಿ ಮಾರುವ ನಮ್ಮ ಸಹೋದರಿಗೆ ಮೊದಲು ಉತ್ತರ ಕೊಟ್ಟುಬಿಡೋಣ. ಭಾರತದಲ್ಲಿ ಬಿ.ಟಿ. ಬದನೆ ಬೆಳೆಯಲು ಸರ್ಕಾರದ ಅನುಮತಿ ಇಲ್ಲ. ಬೇರೆ ಯಾವ ಕುಲಾಂತರಿ ಕಾಯಿಪಲ್ಲೆಗೂ ಇಲ್ಲ. ಆದ್ದರಿಂದ ನಿಮ್ಮ ಬುಟ್ಟಿಯ ಎಣ್ಣೆಗಾಯಿಗೆ ಆ ಹೆಸರು ಹಚ್ಚುವುದು ಸರಿಯಲ್ಲ. ಆದರೆ ಕುಲಾಂತರಿ ನಮ್ಮ ಮನೆಗೆ ಬಂದೇ ಇಲ್ಲ ಅಂತ ಹೇಳಲಿಕ್ಕೂ ಬರುವುದಿಲ್ಲ. ಅದು ಬೇರೆ ಬಾಗಿಲಿನಿಂದ ಬಂದಿದೆ.

ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ

ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋದವರು ನಿಮ್ಮಲ್ಲಿ ಇದ್ದೀರಿ. ಹಿಂದಿನ ದಿನ ಮೊಗ್ಗಿನ ಗಂಡು ಭಾಗ ತೆಗೆದು, ಮರುದಿನ ಮುಂಜಾನೆ ಇನ್ನೊಂದು ತಳಿಯ ಹೂವಿನ ಪರಾಗ ಮುಟ್ಟಿಸುತ್ತೀರಿ. ಹೀಗೆ ಹುಟ್ಟಿದ್ದು ಹೈಬ್ರಿಡ್, ಅಂದರೆ ಸಂಕರಣ ತಳಿ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ 'ವರಲಕ್ಷ್ಮಿ' ಹತ್ತಿ, ಅದರ ನಂತರ ಬಂದ 'ಜಯಲಕ್ಷ್ಮಿ' ಇವೆಲ್ಲ ಹೈಬ್ರಿಡ್. ಹಿರಿಯರಿಗೆ ಈ ಹೆಸರು ನೆನಪಿರಬಹುದು. ಇಲ್ಲಿ ತಾಯಿ ಗಿಡವೂ ಹತ್ತಿ, ತಂದೆ ಗಿಡವೂ ಹತ್ತಿ.

ಕುಲಾಂತರಿಯಲ್ಲಿ ಹಾಗಲ್ಲ. ಪ್ರತಿಯೊಂದು ಜೀವಿಯ ಒಳಗೆ ಅದರ ಗುಣವನ್ನು ನಿರ್ಧರಿಸುವ ವಂಶವಾಹಿಗಳು ಇರುತ್ತವೆ. ಒಂದು ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ತೆಗೆದು, ಅದರ ಕುಲಕ್ಕೆ ಸೇರದ ಇನ್ನೊಂದು ಜೀವಿಯೊಳಗೆ ಸೇರಿಸುತ್ತಾರೆ. ಹೊಲದಲ್ಲಿ ಪರಾಗ ಮುಟ್ಟಿಸಿ ಇದನ್ನು ಮಾಡಲು ಆಗುವುದಿಲ್ಲ. ಇಳಕಲ್ಲಿನ ನೇಕಾರರು ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸುವುದನ್ನು ನೋಡಿದ್ದೀರಲ್ಲ? ಸುಮಾರಾಗಿ ಹಾಗೆ. ಒಡಲು ಹತ್ತಿಯದೇ, ಆದರೆ ಬೇರೆ ಕಡೆಯ ಒಂದು ಎಳೆ ಅದರೊಳಗೆ ಬಂದು ಸೇರಿದೆ.

ಬಿ.ಟಿ. ಹತ್ತಿಗೆ ಬಂದ ಆ ಎಳೆ ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನದು. ಅದರ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಅದನ್ನೇ ಚಿಕ್ಕದಾಗಿ ಬಿ.ಟಿ. ಎನ್ನುತ್ತಾರೆ. ಈ ವಂಶವಾಹಿ ಸೇರಿದ ಗಿಡ ತನ್ನೊಳಗೇ ಒಂದು ಪ್ರೋಟೀನ್ ತಯಾರಿಸುತ್ತದೆ. ಕಾಯಿಕೊರಕ ಹುಳ ಗಿಡವನ್ನು ಕಡಿದಾಗ ಆ ಪ್ರೋಟೀನ್ ಹುಳದ ಕರುಳನ್ನು ಕೆಡಿಸುತ್ತದೆ, ಹುಳ ಸಾಯುತ್ತದೆ.

ನಮ್ಮ ಸಂತೆಯ ಹೈಬ್ರಿಡ್ ಟೊಮ್ಯಾಟೊ, ಗೋವಿನಜೋಳ, ಮೆಣಸಿನಕಾಯಿ, ಬೀಜ ಇಲ್ಲದ ಕಲ್ಲಂಗಡಿ ಇವು ಯಾವುವೂ ಕುಲಾಂತರಿ ಅಲ್ಲ. ಕಾಯಿ ದಪ್ಪ ಇದೆ, ಹೊಳಪು ಇದೆ, ರುಚಿ ಇಲ್ಲ ಅಂದ ಮಾತ್ರಕ್ಕೆ ಅದು ಬಿ.ಟಿ. ಆಗುವುದಿಲ್ಲ.

ಹತ್ತಿಯ ಹೊಲದಿಂದ ಶುರುವಾದ ಕಥೆ

1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗಕ್ಕೆಂದು ಬೆಳೆದಿದ್ದ ಬಿ.ಟಿ. ಹತ್ತಿಯನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಕಿತ್ತು ಸುಟ್ಟರು. ರೈತರಿಗೆ ತಿಳಿಸದೆ ಪ್ರಯೋಗ ನಡೆಸಿದ್ದಾರೆ, ಬೀಜ ಕಂಪನಿಯ ವಶವಾಗುತ್ತದೆ ಎಂಬುದು ಅವರ ಸಿಟ್ಟಾಗಿತ್ತು. ಆದರೂ 2002ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಬಿ.ಟಿ. ಹತ್ತಿಗೆ ಅನುಮತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಹುನಗುಂದದ ಎರಿ ಹೊಲಗಳೂ ಸೇರಿ ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಬಿ.ಟಿ. ಆಯಿತು. ಜವಾರಿ ಹತ್ತಿ ಹುಡುಕಿದರೂ ಸಿಗದಂತಾಯಿತು.

ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ಇಳಿಯಿತು, ಔಷಧ ಹೊಡೆಯುವುದು ಕಡಿಮೆಯಾಯಿತು, ಇಳುವರಿ ಹೆಚ್ಚಿತು. ಇದು ನಿಜ, ಮುಚ್ಚಿಡುವುದು ಬೇಡ. ಆದರೆ ಮುಂದೆ ಗುಲಾಬಿ ಕಾಯಿಕೊರಕ ಹುಳ ಆ ಪ್ರೋಟೀನಿಗೆ ಒಗ್ಗಿಕೊಂಡಿತು. 2006ರಲ್ಲಿ ಬಂದಿದ್ದ ಎರಡು ವಂಶವಾಹಿಗಳ ಬೀಜಕ್ಕೂ ಕೆಲವು ವರ್ಷಗಳಲ್ಲಿ ಹುಳ ಒಗ್ಗಿತು. ಮತ್ತೆ ಔಷಧದ ಖರ್ಚು ಏರಿತು.

ಬೀಜದ ಪಾಕೀಟಿನ ಜೊತೆ ಒಂದು ಸಣ್ಣ ಚೀಲ ಬರುತ್ತಿದ್ದುದು ನೆನಪಿದೆಯೇ? 450 ಗ್ರಾಂ ಬಿ.ಟಿ. ಬೀಜಕ್ಕೆ 120 ಗ್ರಾಂ ಬಿ.ಟಿ. ಅಲ್ಲದ ಬೀಜ. ಹೊಲದ ಅಂಚಿಗೆ ಅದನ್ನು ಹಾಕಿದರೆ ಅಲ್ಲಿ ಸಾದಾ ಹುಳಗಳು ಉಳಿಯುತ್ತವೆ. ಅವು ಒಗ್ಗಿಕೊಂಡ ಹುಳಗಳ ಜೊತೆ ಕೂಡುವುದರಿಂದ ಬಿ.ಟಿ.ಗೆ ಬಗ್ಗದ ಹುಳಗಳ ಸಂತತಿ ಬೇಗ ಹೆಚ್ಚುವುದಿಲ್ಲ. ಈ ಕಾರಣವನ್ನು ರೈತರಿಗೆ ಬಿಡಿಸಿ ಹೇಳಿದವರು ಕಡಿಮೆ. ಬಹಳ ಜನ ಆ ಚೀಲವನ್ನು ಬಿಸಾಡಿದರು. ಹೊಸ ಬೀಜ ಬರುವಾಗ ಅದರ ತಿಳಿವಳಿಕೆಯೂ ಜೊತೆಗೆ ಬರಬೇಕು. ಇಲ್ಲವಾದರೆ ನಷ್ಟ ರೈತರ ಮನೆಗೇ.

ಬದನೆಕಾಯಿಯ ವಾದ

ಹತ್ತಿಯ ನಂತರ ಬದನೆಯ ಸರದಿ ಬಂತು. ಬದನೆಗೆ ಕುಡಿ ಮತ್ತು ಕಾಯಿ ಕೊರೆಯುವ ಹುಳದ ಕಾಟ ಬಹಳ. ಅದಕ್ಕೆ ಮಹಿಕೋ ಕಂಪನಿ ಬಿ.ಟಿ. ಬದನೆ ತಯಾರಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇದರಲ್ಲಿ ಕೈಜೋಡಿಸಿ ಮಲಾಪುರ, ಕುಡಚಿ, ಉಡುಪಿ ಮುಂತಾದ ನಮ್ಮದೇ ನಾಡಿನ ಬದನೆ ತಳಿಗಳಿಗೆ ಆ ವಂಶವಾಹಿಯನ್ನು ಸೇರಿಸಿತು. 2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಇದಕ್ಕೆ ಒಪ್ಪಿಗೆಯ ಶಿಫಾರಸು ಮಾಡಿತು.

ಆಗ ದೇಶದ ತುಂಬ ಚರ್ಚೆ ಎದ್ದಿತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, ರೈತರು, ವಿಜ್ಞಾನಿಗಳು, ವೈದ್ಯರು, ಗ್ರಾಹಕರು ಎಲ್ಲರ ಮಾತು ಕೇಳಿದರು. ನಮ್ಮ ರಾಜ್ಯ ಸರ್ಕಾರವೂ ಈಗಲೇ ಬೇಡ ಎಂದಿತು. 2010ರ ಫೆಬ್ರುವರಿ 9ರಂದು ಸಚಿವರು ಬಿ.ಟಿ. ಬದನೆಗೆ ತಡೆ ಹಾಕಿದರು. ದೀರ್ಘಕಾಲದ ಪರೀಕ್ಷೆ ಆಗಬೇಕು, ಕಂಪನಿಯಿಂದ ಬೇರೆಯಾದ ಸ್ವತಂತ್ರ ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಅವಸರ ಬೇಡ ಎಂಬುದು ಅವರ ತೀರ್ಮಾನ. ಆ ತಡೆ ಇನ್ನೂ ತೆರವಾಗಿಲ್ಲ. ನಮ್ಮ ನೆರೆಯ ಬಾಂಗ್ಲಾದೇಶ ಮಾತ್ರ 2013ರಲ್ಲಿ ಅನುಮತಿ ಕೊಟ್ಟು, 2014ರಿಂದ ಬಿ.ಟಿ. ಬದನೆ ಬೆಳೆಯುತ್ತಿದೆ.

ಸಾಸಿವೆಯದೂ ಇಂಥದೇ ಕಥೆ. 2022ರ ಅಕ್ಟೋಬರಿನಲ್ಲಿ ಕುಲಾಂತರಿ ಸಾಸಿವೆಗೆ ಷರತ್ತಿನ ಅನುಮತಿ ಸಿಕ್ಕಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈ 23ರಂದು ತೀರ್ಪು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರಲಿಲ್ಲ. ಆದರೆ ಕುಲಾಂತರಿ ಬೆಳೆಗಳ ಬಗ್ಗೆ ಎಲ್ಲರನ್ನೂ ಕೇಳಿ ಒಂದು ರಾಷ್ಟ್ರೀಯ ನೀತಿ ಮಾಡಬೇಕು ಎಂಬುದಕ್ಕೆ ಇಬ್ಬರೂ ಒಪ್ಪಿದರು.

ನಮ್ಮ ಅಡಿಗೆಮನೆಯಲ್ಲಿ ಏನಿದೆ?

ಕಾಯಿಪಲ್ಲೆಯಲ್ಲಿ ಇಲ್ಲದ ಕುಲಾಂತರಿ ಮೂರು ದಾರಿಯಿಂದ ನಮ್ಮ ಹತ್ತಿರ ಬಂದಿದೆ.

ಮೊದಲನೆಯದು ಎಣ್ಣೆ. ಹತ್ತಿ ಕಾಳಿನಿಂದ ತೆಗೆದ ಎಣ್ಣೆಯನ್ನು ಶುದ್ಧೀಕರಿಸಿ ಅಡಿಗೆಗೂ ತಿಂಡಿ ಕರಿಯಲಿಕ್ಕೂ ಬಳಸುತ್ತಾರೆ. ಅರ್ಜೆಂಟೀನಾ, ಬ್ರೆಜಿಲ್ ದೇಶಗಳಿಂದ ಬರುವ ಸೋಯಾ ಎಣ್ಣೆಯೂ ಬಹುಪಾಲು ಕುಲಾಂತರಿ ಸೋಯಾದ್ದೇ. ಆದರೆ ವಂಶವಾಹಿ ಮತ್ತು ಅದರ ಪ್ರೋಟೀನ್ ಕಾಳಿನಲ್ಲಿ ಇರುತ್ತವೆ, ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅವು ಹೆಚ್ಚು ಕಡಿಮೆ ಉಳಿಯುವುದಿಲ್ಲ.

ಎರಡನೆಯದು ಹಿಂಡಿ. ಎಮ್ಮೆ, ಆಕಳಿಗೆ ಹಾಕುವ ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಈಗ ಬಿ.ಟಿ. ಹತ್ತಿಯದೇ. ದನ ತಿಂದ ಪ್ರೋಟೀನ್ ಅದರ ಹೊಟ್ಟೆಯಲ್ಲಿ ಒಡೆದು ಪಚನವಾಗುತ್ತದೆ, ಹಾಗೇ ಹಾಲಿಗೆ ಇಳಿದು ಬರುವುದಿಲ್ಲ. ಹತ್ತಿಕಾಳಿನಲ್ಲಿ ಹುಟ್ಟಿನಿಂದಲೇ ಗಾಸಿಪಾಲ್ ಎಂಬ ಒಂದು ವಿಷದ ಅಂಶ ಇದೆ. ಜವಾರಿ ಹತ್ತಿಯಲ್ಲೂ ಅದು ಇತ್ತು, ಬಿ.ಟಿ.ಗೂ ಅದಕ್ಕೂ ಸಂಬಂಧವಿಲ್ಲ. ಸಣ್ಣ ಕರುಗಳಿಗೆ ಹತ್ತಿಕಾಳು ಹೆಚ್ಚು ಹಾಕಬೇಡಿರಿ ಎಂದು ಹೇಳುವುದು ಅದಕ್ಕೇ.

ಮೂರನೆಯದು ಕೋಳಿ ಆಹಾರ. ಮೇವಿನ ಬೆಲೆ ಏರಿದ 2021ರಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ಹೊರದೇಶದಿಂದ ತರಿಸಲು ಬಿಟ್ಟಿತ್ತು.

ತಿಂದರೆ ಅಪಾಯವೇ?

ನಮ್ಮ ರೊಟ್ಟಿ ಮಾರುವ ಸಹೋದರಿಗೆ ಕೇಳಿದ ಪ್ರಶ್ನೆ ಇದೇ. ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನುವುದಕ್ಕಿಂತ ತಿಳಿದಿರುವುದನ್ನು ತಿಳಿದಂತೆ ಹೇಳುತ್ತೇವೆ.

ಬಿ.ಟಿ. ಪ್ರೋಟೀನ್ ಹುಳವನ್ನು ಕೊಲ್ಲಬೇಕಾದರೆ ಹುಳದ ಕರುಳಿನಲ್ಲಿ ಎರಡು ಅನುಕೂಲ ಬೇಕು. ಕರುಳು ಕ್ಷಾರವಾಗಿರಬೇಕು, ಅಂದರೆ ಸೋಡಾ ನೀರಿನ ಗುಣದ್ದು. ಮತ್ತು ಆ ಪ್ರೋಟೀನ್ ಹೋಗಿ ಅಂಟಿಕೊಳ್ಳುವ ಜಾಗ ಇರಬೇಕು. ಮನುಷ್ಯರ ಜಠರ ಹುಳಿಯ ಗುಣದ್ದು, ಅಂಥ ಜಾಗವೂ ನಮ್ಮ ಕರುಳಿನಲ್ಲಿ ಇಲ್ಲ. ಹುಳಕ್ಕೆ ವಿಷವಾದದ್ದು ನಮಗೂ ವಿಷ ಆಗಲೇಬೇಕು ಎಂದು ಹೇಳಲಾಗದು ಎನ್ನುವುದಕ್ಕೆ ಕಾರಣ ಇದು.

ಅಮೆರಿಕದಲ್ಲಿ 1996ರಿಂದ ದೊಡ್ಡ ಪ್ರಮಾಣದಲ್ಲಿ ಕುಲಾಂತರಿ ಗೋವಿನಜೋಳ, ಸೋಯಾ ಬೆಳೆದು ತಿನ್ನುತ್ತಿದ್ದಾರೆ. 2016ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ನೂರಾರು ಅಧ್ಯಯನಗಳನ್ನು ನೋಡಿ, ಈಗ ಬಳಕೆಯಲ್ಲಿರುವ ಕುಲಾಂತರಿ ಆಹಾರ ಸಾದಾ ಆಹಾರಕ್ಕಿಂತ ಹೆಚ್ಚು ಅಪಾಯ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದವು. ವಿಶ್ವ ಆರೋಗ್ಯ ಸಂಸ್ಥೆಯೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತದೆ. ಎಲ್ಲ ಕುಲಾಂತರಿ ಆಹಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ಫ್ರಾನ್ಸ್ ದೇಶದ ಒಬ್ಬ ವಿಜ್ಞಾನಿ ಮತ್ತು ಅವರ ತಂಡ 2012ರಲ್ಲಿ, ಕುಲಾಂತರಿ ಗೋವಿನಜೋಳ ತಿಂದ ಇಲಿಗಳಿಗೆ ಗಡ್ಡೆ ಬಂದವು ಎಂದು ಫೋಟೋ ಸಮೇತ ಬರೆದರು. ಆ ಚಿತ್ರಗಳು ಲೋಕವೆಲ್ಲಾ ಸುತ್ತಿದವು. ಆದರೆ ಪ್ರಯೋಗದಲ್ಲಿ ಇಲಿಗಳ ಸಂಖ್ಯೆ ಕಡಿಮೆ ಇತ್ತು, ಆ ಜಾತಿಯ ಇಲಿಗಳಿಗೆ ವಯಸ್ಸಾದಂತೆ ತಾವಾಗಿಯೇ ಗಡ್ಡೆ ಬರುವುದು ಹೆಚ್ಚು. 2013ರಲ್ಲಿ ಆ ಪತ್ರಿಕೆ ಲೇಖನವನ್ನು ಹಿಂದಕ್ಕೆ ಪಡೆಯಿತು. 2014ರಲ್ಲಿ ಬೇರೆ ಪತ್ರಿಕೆ ಅದನ್ನು ಮತ್ತೆ ಪ್ರಕಟಿಸಿದರೂ ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ.

ಕುರಿ ಸಾಕುವ ಮನೆಯವರು ಇನ್ನೊಂದು ಮಾತು ಕೇಳಿರಬಹುದು. 2006ರ ಸುಮಾರಿಗೆ ಅಂದಿನ ಆಂಧ್ರದ ವಾರಂಗಲ್ ಕಡೆ ಬಿ.ಟಿ. ಹತ್ತಿ ಹೊಲದಲ್ಲಿ ಮೇಯ್ದ ಕುರಿಗಳು ಸತ್ತವು ಎಂಬ ದೂರು ಬಂತು. ಬಿ.ಟಿ.ಯೇ ಕಾರಣ ಎಂದು ಸಿದ್ಧವಾಗಲಿಲ್ಲ. ಹತ್ತಿಗೆ ಹೊಡೆದ ಔಷಧದಂಥ ಬೇರೆ ಕಾರಣಗಳ ಮೇಲೆ ಸಂಶಯ ಬಂತು. ಔಷಧ ಹೊಡೆದ ಹೊಲಕ್ಕೆ ಕುರಿ ಬಿಡಬಾರದು ಎಂಬುದಂತೂ ಖಂಡಿತ.

ಹಾಗಾದರೆ ಪರೀಕ್ಷೆ ಬೇಡವೇ? ಬೇಕೇ ಬೇಕು. 1990ರ ದಶಕದಲ್ಲಿ ಒಂದು ಕಂಪನಿ ಬ್ರೆಜಿಲ್ ದೇಶದ ಒಂದು ಕಾಯಿಬೀಜದ ವಂಶವಾಹಿಯನ್ನು ಸೋಯಾಕ್ಕೆ ಸೇರಿಸಲು ಹೊರಟಿತ್ತು. ಆ ಬೀಜ ಕೆಲವರಿಗೆ ಅಲರ್ಜಿ ತರುತ್ತದೆ. ಆ ಅಲರ್ಜಿ ಸೋಯಾಕ್ಕೂ ಬಂದಿರುವುದು ಪರೀಕ್ಷೆಯಲ್ಲಿ ತಿಳಿದು ಕೆಲಸವನ್ನೇ ಕೈಬಿಟ್ಟರು. 2000ದಲ್ಲಿ ಅಮೆರಿಕದಲ್ಲಿ ದನದ ಮೇವಿಗೆ ಮಾತ್ರ ಎಂದು ಅನುಮತಿ ಪಡೆದಿದ್ದ ಕುಲಾಂತರಿ ಗೋವಿನಜೋಳ ಜನರ ತಿಂಡಿಯಲ್ಲಿ ಬೆರೆತದ್ದು ಪತ್ತೆಯಾಗಿ, ಅಂಗಡಿಗಳಿಂದ ಮಾಲನ್ನು ವಾಪಸು ತರಿಸಬೇಕಾಯಿತು. ಪರೀಕ್ಷೆ, ಕಾವಲು, ಪಾಕೀಟಿನ ಮೇಲೆ ಗುರುತು ಇವು ಮೂರೂ ಬೇಕು ಎಂದು ಕೇಳುವುದು ಗ್ರಾಹಕರ ಹಕ್ಕು.

ಇನ್ನೊಂದು ಪ್ರಶ್ನೆ: ಬೀಜ ಯಾರ ಕೈಯಲ್ಲಿ?

ತಿನ್ನಲು ಅಪಾಯವಿಲ್ಲ ಎಂದ ಮಾತ್ರಕ್ಕೆ ವಾದ ಮುಗಿಯುವುದಿಲ್ಲ. ಬಿ.ಟಿ. ಹತ್ತಿ ಬಂದಾಗ 450 ಗ್ರಾಂ ಪಾಕೀಟಿಗೆ 1,600 ರೂಪಾಯಿ ಮತ್ತು ಮೇಲೆ ಇತ್ತು. 2006ರಲ್ಲಿ ಆಂಧ್ರ ಸರ್ಕಾರ ಕಂಪನಿಯ ವಿರುದ್ಧ ದೂರು ಕೊಟ್ಟು ಹೋರಾಡಿದ ಮೇಲೆ ಅದು 750ರ ಸುಮಾರಿಗೆ ಇಳಿಯಿತು. 2016ರಿಂದ ಕೇಂದ್ರ ಸರ್ಕಾರವೇ ಬೆಲೆ ನಿಗದಿ ಮಾಡುತ್ತಿದೆ. ಅಂದರೆ ಕೇಳಿದ್ದರಿಂದಲೇ ಬೆಲೆ ಇಳಿದದ್ದು.

ಬಿ.ಟಿ. ಬೀಜ ಮೊಳೆಯುವುದೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು, ಮೊಳೆಯುತ್ತದೆ. ಆದರೆ ನಮ್ಮಲ್ಲಿ ಅದನ್ನು ಹೈಬ್ರಿಡ್ ಆಗಿಯೇ ಮಾರುತ್ತಾರೆ. ಹೈಬ್ರಿಡ್ ಬೀಜ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ. ಅದಕ್ಕೇ ಪ್ರತಿ ಮುಂಗಾರಿಗೆ ಬೀಜಕ್ಕೆ ಹಣ ಬೇಕು. ಆ ಹಣ ಎಷ್ಟೋ ಮನೆಗಳಲ್ಲಿ ನಮ್ಮ ಸಂಘದ ಸಾಲದಿಂದಲೇ ಹೋಗುತ್ತದೆ.

ಈಗ ಇನ್ನೊಂದು ಬೀಜ ಕಳ್ಳದಾರಿಯಿಂದ ಬರುತ್ತಿದೆ. ಕಳೆನಾಶಕ ಹೊಡೆದರೂ ಸಾಯದ ಹತ್ತಿ ಅದು. ಸರ್ಕಾರದ ಅನುಮತಿ ಅದಕ್ಕೆ ಇಲ್ಲ, ಬಿಲ್ಲೂ ಇಲ್ಲ. ಅಂಥ ಬೀಜ ಹುಟ್ಟದಿದ್ದರೆ ಪರಿಹಾರ ಕೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಜೊತೆಗೆ, ಕಳೆ ತೆಗೆಯುವ ಕೂಲಿ ಹೆಚ್ಚಾಗಿ ಹೆಣ್ಣುಮಕ್ಕಳದು. ಹೊಲದವರಿಗೆ ಖರ್ಚು ಉಳಿದರೆ ಕೂಲಿಯವರಿಗೆ ದುಡಿಮೆ ಹೋಗುತ್ತದೆ. ನಮ್ಮ ಸಂಘಗಳಲ್ಲಿ ಇಬ್ಬರೂ ಇದ್ದಾರೆ. ಈ ಮಾತನ್ನು ಮುಚ್ಚಿಡದೆ ಸಭೆಯಲ್ಲಿ ಮಾತಾಡಬೇಕು.

ಪೋಪ್ ಫ್ರಾನ್ಸಿಸರು 2015ರಲ್ಲಿ ಭೂಮಿಯ ಕಾಳಜಿಯ ಬಗ್ಗೆ ಬರೆದ 'ಲೌದಾತೊ ಸಿ' ಪತ್ರದಲ್ಲಿ ಈ ವಿಷಯ ಎತ್ತಿದ್ದಾರೆ. ಕುಲಾಂತರಿ ಧಾನ್ಯ ಮನುಷ್ಯರಿಗೆ ಹಾನಿ ಎಂದು ಖಚಿತ ಪುರಾವೆ ಇಲ್ಲ ಎಂದು ಒಪ್ಪಿದ್ದಾರೆ. ಆದರೆ ಭೂಮಿ ಕೆಲವರ ಕೈಗೆ ಸೇರುವುದು, ಸಣ್ಣ ರೈತರು ಒಕ್ಕಲುತನ ಬಿಡಬೇಕಾಗುವುದು ನಿಜವಾದ ಕಷ್ಟ ಎಂದಿದ್ದಾರೆ. ಇದರ ಪರಿಣಾಮ ಯಾರ ಮೇಲೆ ಆಗುತ್ತದೋ ಅವರೆಲ್ಲರೂ ಕೂತು ಚರ್ಚಿಸಬೇಕು ಎಂಬುದು ಅವರ ಮಾತಿನ ಸಾರ. ನಮ್ಮ ಸಂಘದ ಸಭೆಯೂ ಅಂಥ ಚರ್ಚೆಯ ಒಂದು ಜಾಗ.

ನಾವು ಏನು ಮಾಡಬಹುದು?

1. ಊಟ ಮಾರುವವರು ಗ್ರಾಹಕರಿಗೆ ಧೈರ್ಯವಾಗಿ ಹೇಳಿರಿ: "ನಮ್ಮ ದೇಶದಾಗ ಬಿ.ಟಿ. ಬದನಿಗೆ ಪರವಾನಗಿ ಇಲ್ರೀ, 2010ರಾಗ ತಡೆ ಹಾಕ್ಯಾರ. ನಿಶ್ಚಿಂತಿ ಉಣ್ರಿ."

2. ಬದನೆಯಲ್ಲಿ ನಿಜವಾಗಿ ಚಿಂತೆ ಮಾಡಬೇಕಾದದ್ದು ಔಷಧದ ಬಗ್ಗೆ. ಹೊಡೆದ ಮರುದಿನವೇ ಕಾಯಿ ಹರಿಯಬೇಡಿರಿ, ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಡಿರಿ. ಬಾಡಿದ ಕುಡಿಗಳನ್ನು ಹುಳದ ಸಮೇತ ಚಿವುಟಿ ಸುಡಿರಿ. ಮೋಹಕ ಬಲೆ ಕಟ್ಟಿದರೆ ಪತಂಗ ಕಡಿಮೆಯಾಗುತ್ತವೆ. ಅಡಿಗೆಗೆ ಮುಂಚೆ ಕಾಯಿಯನ್ನು ಚೆನ್ನಾಗಿ ತೊಳೆಯಿರಿ.

3. ಬೀಜವನ್ನು ಬಿಲ್ ಇಲ್ಲದೆ ಕೊಳ್ಳಬೇಡಿರಿ. ಬಿಲ್, ಖಾಲಿ ಪಾಕೀಟು, ಚೀಟಿ ಮೂರನ್ನೂ ಬೆಳೆ ಕೈಗೆ ಬರುವವರೆಗೆ ತೆಗೆದಿಡಿರಿ. ಬೀಜಕ್ಕೆ ಸಾಲ ಕೊಡುವಾಗ ಸಂಘವೇ ಬಿಲ್ ನೋಡುವ ರೂಢಿ ಮಾಡಿದರೆ ಒಳ್ಳೆಯದು.

4. ಜವಾರಿ ಬದನೆಯ ಬೀಜ ಉಳಿಸಿರಿ. ಒಳ್ಳೆಯ ಗಿಡದ ಎರಡು ಕಾಯಿಯನ್ನು ಹಳದಿಯಾಗಿ ಹಣ್ಣಾಗುವವರೆಗೆ ಬಿಡಿರಿ. ನೀರಿನಲ್ಲಿ ಹಿಚುಕಿದರೆ ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ. ಅದನ್ನು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡಿರಿ. ತಮ್ಮ ಬೀಜ ಉಳಿಸುವ, ಹಂಚುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ.

5. ಕುಲಾಂತರಿಯ ದಾರಿಯೇ ಬೇಡ ಎನ್ನುವವರಿಗೆ ಕುಸುಬಿ, ಶೇಂಗಾ ಎಣ್ಣೆ ಇದೆ. ಈ ಬೆಳೆಗಳಲ್ಲಿ ನಮ್ಮ ದೇಶದಲ್ಲಿ ಕುಲಾಂತರಿ ಇಲ್ಲ.

6. ಸಂಶಯ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನು ಕೇಳಿರಿ. ಒಬ್ಬರೇ ಹೋಗುವುದಕ್ಕಿಂತ ಸಂಘದಿಂದ ನಾಲ್ವರು ಹೋಗಿರಿ.

ಬನದ ಹುಣ್ಣಿವೆಯ ಹೊತ್ತಿಗೆ ಬನಶಂಕರಿಗೆ ಪಲ್ಲೇದ ಹಬ್ಬ ಮಾಡಿ 108 ಬಗೆಯ ಕಾಯಿಪಲ್ಲೆ ಅಡಿಗೆ ಎಡೆ ಹಿಡಿಯುವ ನಾಡು ನಮ್ಮದು. ಅಷ್ಟು ಬಗೆ ಉಳಿದಿರುವುದು ಮನೆಯ ಹೆಣ್ಣುಮಕ್ಕಳು ಬೀಜ ಕಟ್ಟಿಟ್ಟದ್ದರಿಂದ. ಮುಂದೆ ಯಾವ ಹೊಸ ಬೀಜ ಬಂದರೂ ಮೂರು ಮಾತು ಕೇಳೋಣ: ಯಾರು ಪರೀಕ್ಷೆ ಮಾಡಿದರು? ಮರುವರ್ಷ ಬೀಜ ನಮ್ಮ ಕೈಯಲ್ಲಿ ಇರುತ್ತದೆಯೇ? ಬೆಳೆ ಹೋದರೆ ಹೊಣೆ ಯಾರು?

ಮುಂದಿನ ಸಭೆಯಲ್ಲಿ ಚರ್ಚಿಸಲು

- ನಿಮ್ಮ ಊರಲ್ಲಿ ಇನ್ನೂ ಉಳಿದಿರುವ ಜವಾರಿ ಕಾಯಿಪಲ್ಲೆ ಬೀಜ ಯಾವುವು? ಯಾರ ಮನೆಯಲ್ಲಿ ಇವೆ?
- ಕಳೆದ ಮುಂಗಾರಿಗೆ ನಿಮ್ಮ ಸಂಘದ ಸಾಲದಲ್ಲಿ ಬೀಜ ಮತ್ತು ಔಷಧಕ್ಕೆ ಎಷ್ಟು ಹೋಯಿತು?
- ಕಳೆನಾಶಕ ಬಂದ ಮೇಲೆ ನಿಮ್ಮ ಕೂಲಿಯ ದಿನಗಳು ಕಡಿಮೆಯಾಗಿವೆಯೇ?